ಅಲುಗದ ಲೋಟ

“ಅಜ್ಜಾರ, ಅಕ್ಕಗ ಭಾಳ ಜಡ್ಡಾಗೇತಿ ಅಂತ ಮುಂಜಾನೆ ಪತ್ರ ಬಂತ್ರಿ. ಓದಿದೆ, ಮಡಚಿ ಇಟ್ಟೆ. ಮನಸ್ಸು ಒಂದೀಟೂ ಅಲುಗಲಿಲ್ಲ. ವೈರಾಗ್ಯದಾಗ ನಾ ಮುಟ್ಟಬೇಕಾದಲ್ಲಿ ಮುಟ್ಟಿದೆ ಅನ್ನಬಹುದೇನ್ರಿ?”

ಹೀಗೆ ಕೇಳಿದ ಶಿಷ್ಯನ ಹೆಸರು ಅಡಿವೆಪ್ಪ. ಮಠಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಆ ಅಕ್ಕನೇ. ಪತ್ರ ಓದುವಾಗ ಕಣ್ಣು ಒದ್ದೆಯಾಗಲಿಲ್ಲವೆಂದು ಅವನಿಗೆ ಒಳಗೊಳಗೇ ಹೆಮ್ಮೆ. ಗುರು ಹೌದೆಂದುಬಿಟ್ಟರೆ ಊರಿಗೆ ಹೋಗುವ ಮಾತೇ ಉಳಿಯುವುದಿಲ್ಲ ಎಂದುಕೊಂಡಿದ್ದ.

ಗುರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಗಾಡಿ ರಿಪೇರಿ ಮಾಡುವ ಒಬ್ಬ ಮಿಸ್ತ್ರಿ ಇದ್ದ. ಅವನ ಬಳಿ ಒಂದು ಹಳೆಯ ಅಮೆರಿಕನ್ ಕಾರಿತ್ತು, ದೋಣಿಯಷ್ಟು ಉದ್ದ. ಅದರ ಎಂಟು ಸಿಲಿಂಡರಿನ ಇಂಜಿನ್ ಶುರುವಾಯಿತೆಂದರೆ ಬಾಗಿಲು, ಗಾಜು, ಕೂತವರ ಹಲ್ಲು ಎಲ್ಲವೂ ಕಟಕಟ ಎನ್ನುತ್ತಿದ್ದವು. ಊರವರು ಅದನ್ನು ಮಿಸ್ತ್ರಿಯ ಬೀಸುವ ಕಲ್ಲು ಎಂದು ಕರೆದು ನಗುತ್ತಿದ್ದರು. ಮಿಸ್ತ್ರಿ ಆ ನಡುಕದ ಗುರುತು ಹಿಡಿದೇ ಗಾಡಿ ಓಡಿಸುತ್ತಿದ್ದ. ಸೀಟು ಹೀಗೆ ನಡುಗಿದರೆ ಗೇರು ಬದಲಿಸಬೇಕು, ಹಾಗೆ ನಡುಗಿದರೆ ಕಾಲು ಸಡಿಲಿಸಬೇಕು. ವೇಗ ತೋರಿಸುವ ಮೀಟರಿನ ಮುಳ್ಳು ಎಂದೋ ಸತ್ತಿತ್ತು. ಕೇಳಿದವರಿಗೆ, “ಕುಂಡಿಗೆ ತಿಳಿಯೂದು ಮುಳ್ಳಿಗೇನ್ ತಿಳಿದೀತು?” ಎನ್ನುತ್ತಿದ್ದ.

ಆದರೂ ಜನರ ನಗೆ ಕೇಳಿ ಕೇಳಿ ಅವನಿಗೆ ಬೇಸರ ಬಂತು. ಒಮ್ಮೆ ಬಂದರಿನ ಗುಜರಿಯಲ್ಲಿ ಒಂದು ವಿಚಿತ್ರ ಇಂಜಿನ್ ಸಿಕ್ಕಿತು. ಅದರಲ್ಲಿ ಮೇಲೆ ಕೆಳಗೆ ಕುಣಿಯುವ ಪಿಸ್ಟನ್ನುಗಳೇ ಇಲ್ಲ. ಮೂರು ಮೂಲೆಯ ಕಬ್ಬಿಣದ ತುಂಡೊಂದು ತನ್ನ ಗೂಡಿನೊಳಗೆ ಗಿರಗಿರ ಸುತ್ತುತ್ತದೆ, ಅಷ್ಟೇ. ಹಳೆಯದನ್ನು ಇಳಿಸಿ ಇದನ್ನು ಕೂರಿಸಲು ಎರಡು ವರ್ಷ ಹಿಡಿಯಿತು. ಅಷ್ಟು ದೊಡ್ಡ ಬಾನೆಟ್ಟಿನ ಕೆಳಗೆ ಅದು ನೀರಿನ ಕೊಡದಷ್ಟೇ ಕಾಣುತ್ತಿತ್ತು. ಶುರುಮಾಡಿ, ಬಾನೆಟ್ಟಿನ ಮೇಲೆ ತುಂಬಿದ ಲೋಟ ಇಟ್ಟ. ನೀರು ಅಲುಗಲಿಲ್ಲ. ನಗುತ್ತಿದ್ದ ಊರೆಲ್ಲ ಬಂದು ಆ ಲೋಟ ನೋಡಿ ಹೋಯಿತು.

ಮರುದಿನ ಬೆಳಗಿನ ಮಂಜಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಹೊರಟ. ಎರೆಹೊಲಗಳ ನಡುವೆ ರಸ್ತೆ ನೆಟ್ಟಗಿತ್ತು. ಜೇನಿನಂಥ ಒಂದು ಗುಂಯ್ ಬಿಟ್ಟರೆ ಸದ್ದಿಲ್ಲ. ಗಾಡಿ ನೆಲ ಮುಟ್ಟಿದೆಯೋ ಇಲ್ಲವೋ ತಿಳಿಯದು. ಜೋಳದ ತೆನೆ, ಬೇವಿನ ಮರ, ಮಂಜು, ಎಲ್ಲ ಕನಸಿನಲ್ಲಿ ಬಂದಂತೆ ಬಂದು ಹಿಂದೆ ಸರಿದವು. ಹುಟ್ಟಿದಾಗಿನಿಂದ ಮಿಸ್ತ್ರಿ ಅಂಥ ಸುಖ ಕಂಡಿರಲಿಲ್ಲ. ಕಾಲು ಒತ್ತಿದ, ನಡುಕ ಬರಲಿಲ್ಲ. ಇನ್ನೂ ಒತ್ತಿದ, ಆಗಲೂ ಬರಲಿಲ್ಲ. ಗೇರು ಬದಲಿಸಬೇಕೆಂಬುದೇ ಅವನಿಗೆ ನೆನಪಾಗಲಿಲ್ಲ.

“ಭಾಳ ಜೋರ್ ಹೊಂಟೀವೇನ್ರಿ?” ಎಂದಳು ಹೆಂಡತಿ.

“ಸೀಟ್ ನಡುಗಾಕತ್ತೈತೇನು? ಇಲ್ಲಲ್ಲ, ಸುಮ್ಮನ ಕುಂದ್ರು” ಎಂದ ಅವನು.

ಸ್ವಲ್ಪ ಹೊತ್ತಿಗೆ ಗುಂಯ್ ನಿಂತಿತು. ಗಾಡಿ ತನ್ನಷ್ಟಕ್ಕೆ ಉರುಳಿ ನಿಂತುಕೊಂಡಿತು. ಬಾನೆಟ್ಟು ಎತ್ತಲು ಹೋದವನ ಅಂಗೈ ಸುಟ್ಟಿತು. ಒಳಗಿನ ತುಂಡು ಕಾದು ತನ್ನ ಗೂಡಿಗೇ ಕಚ್ಚಿಕೊಂಡಿತ್ತು. ಏನು ಮಾಡಿದರೂ ತಿರುಗಲಿಲ್ಲ. ಅಂಥದ್ದು ಇನ್ನೊಂದು ಎಲ್ಲಿಯೂ ಸಿಗದೆಂದು ಅವನಿಗೆ ಗೊತ್ತಿತ್ತು. ಮಿಸ್ತ್ರಿ ರಸ್ತೆಯ ಮೇಲೇ ಕೂತು ಮಕ್ಕಳ ಹಾಗೆ ಅತ್ತ.

ಹೆಂಡತಿ ಅವನ ಅಂಗೈಗೆ ನೀರು ಹನಿಸುತ್ತ, “ಹಳೇದು ಪಾಪ, ನಡುಗಿ ನಡುಗಿ ಹೇಳತಿತ್ತು. ನಾವ ಅದನ್ನ ಬ್ಯಾನಿ ಅಂದ್ವಿ” ಎಂದಳು.

ಗುರು ಅಷ್ಟಕ್ಕೆ ನಿಲ್ಲಿಸಿದರು. ಅಡಿವೆಪ್ಪನ ಕೈ ತಾನಾಗಿಯೇ ಜೋಳಿಗೆಯಲ್ಲಿದ್ದ ಪತ್ರದತ್ತ ಹೋಗಿತ್ತು. ಕೈಯನ್ನು ಹಿಂದಕ್ಕೆ ಎಳೆದುಕೊಂಡು, ಏನಾದರೂ ಕೇಳಬೇಕಲ್ಲ ಎಂದು ಕೇಳಿದ: “ಹಂಗಾರ ಆ ಹೊಸಾ ಇಂಜಿನ್ ಕೆಟ್ಟದ್ದೇನ್ರಿ, ಅಜ್ಜಾರ?”

ಗುರು ಅಂಗಳದ ಬಿಸಿಲು ಎಲ್ಲಿಗೆ ಬಂದಿದೆಯೆಂದು ನೋಡಿದರು.

“ನಿಮ್ಮ ಅಕ್ಕನ ಊರಿಗೆ ಸಂಜೀ ಮುಂದ ಒಂದು ಬಸ್ ಐತಿ.”