ಎರಡನೇ ರೊಟ್ಟಿಯ ಆರ್ಡರ್

ಗದಗಿನ ಒಂದು ಖಾನಾವಳಿಗೆ ಡಿಜಿಟಲ್ ಬಂದದ್ದು ಹಟದಿಂದ. ಎದುರಿನ ಹೋಟೆಲಿನವನು ಆರು ಟ್ಯಾಬ್ ಇಟ್ಟನೆಂದು ಸಾಹುಕಾರ ಚನ್ನವೀರಪ್ಪ ಹನ್ನೆರಡು ತಂದು, ಮೇಜಿಗೊಂದರಂತೆ ಇಡಿಸಿದ.

"ಟ್ಯಾಬ್‌ನಾಗ ಆರ್ಡರ್ ಬರದ ಒಂದ ರೊಟ್ಟಿ ಬಡಿಸಿದ್ರೂ ನಾಳಿಂದ ಮನ್ಯಾಗ ಕೂಡು," ಅಂತ ಬಡಿಸುವ ದ್ಯಾಮವ್ವನಿಗೆ ಗುಡುಗಿದ.

"ಆತ್ರಿ. ಮೊದಲ ನೀವ ಊಟ ಮಾಡಿ ತೋರಸ್ರಿ, ನಾ ಕಲೀತೀನಿ," ಅಂದಳು ದ್ಯಾಮವ್ವ.

ಸಾಹುಕಾರ ಉಬ್ಬಿ ಕೂತ. ಟ್ಯಾಬ್ ಒತ್ತಿದ, ರೊಟ್ಟಿ, ಎಣ್ಣೆಗಾಯಿ ಬಂದವು. ಎರಡೂ ಕೈ ಹಚ್ಚಿ ರೊಟ್ಟಿ ಮುರಿದು, ಮಸಾಲೆ ಬಳಿದುಕೊಂಡು ಚಪ್ಪರಿಸಿದ. ರೊಟ್ಟಿ ಮುಗಿಯಿತು, ಪಲ್ಯ ಉಳಿಯಿತು. ದ್ಯಾಮವ್ವ ಬಿಸಿ ರೊಟ್ಟಿಯ ಬುಟ್ಟಿ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

"ರೊಟ್ಟಿ ಹಾಕು."

"ಆರ್ಡರ್ ಬಂದಿಲ್ರಿ."

ಬೆರಳಿನಿಂದ ಒತ್ತಿದ. ಎಣ್ಣೆಗೆ ಜಾರಿ ಏಳು ಬಟ್ಟಲು ಮೊಸರಿಗೆ ಆರ್ಡರ್ ಹೋಯಿತು. ಮೊಣಕೈಯಿಂದ ಒತ್ತಿದ; ಹದಿನಾಲ್ಕು ಹಪ್ಪಳ. ದ್ಯಾಮವ್ವ ಎಲ್ಲವನ್ನೂ ತಂದು ಸಾಲಾಗಿ ಇಟ್ಟಳು. ಮೇಜು ತುಂಬಿತು, ರೊಟ್ಟಿ ಮಾತ್ರ ಬರಲಿಲ್ಲ. ಗಿರಾಕಿಗಳು ಉಣ್ಣುವುದನ್ನು ಬಿಟ್ಟು ನೋಡತೊಡಗಿದರು.

"ಯವ್ವಾ, ಈ ಟ್ಯಾಬ್‌ಗಳನ್ನ ಎಲ್ಲಿಡ್ಲಿ, ನೀನ ಹೇಳು," ಅಂದ ಸಾಹುಕಾರ.

"ಒಂದು ಅಡಿಗಿಮನ್ಯಾಗ ಇಡ್ರಿ. ಊಟಕ್ಕ ಬರಾವ್ರು ಮುಂಜಾನೆನ ಮೊಬೈಲ್‌ನಾಗ ತಿಳಸ್ಲಿ. ಎಷ್ಟು ಮಂದಿ ಅಂತ ಗೊತ್ತಿಲ್ದ ದಿನಾ ಒಂದ ಬುಟ್ಟಿ ರೊಟ್ಟಿ ದನಕ್ಕ ಹಾಕಾಕತ್ತೀವಿ. ಉಳಿದ ಹನ್ನೊಂದು ವಾಪಸ್ ಕೊಡ್ರಿ. ಒರೆಸಿ ಕೊಡ್ರಿ."

ಮರುದಿನ ಮುಂಜಾನೆ ಅಡುಗೆಮನೆಯ ಟ್ಯಾಬಿಗೆ ಮೊದಲ ಸಂದೇಶ ಬಂತು. ಕಳಿಸಿದವನು ಚನ್ನವೀರಪ್ಪ.

"ನಾನೂ ಊಟಕ್ಕ ಬರ್ತೀನಿ. ಎರಡನೇ ರೊಟ್ಟಿ ಬಾಯಿಲೇ ಕೇಳ್ತೀನಿ."