ಬೆಲೆ ಬರೆದ ಗೋಡೆ

ಬೈಬಲ್ಲಿನ ಕಾಲದ ಮಾತು. ಮರುಭೂಮಿಯ ನಡುವೆ ಬೆಯೋರ ಎಂಬ ಪಟ್ಟಣವಿತ್ತು.

ಅಲ್ಲಿ ಗೋಧಿ ಬೆಳೆಯುತ್ತಿರಲಿಲ್ಲ. ಚಿನ್ನದ ಗಣಿ ಇರಲಿಲ್ಲ. ನದಿಯಂತೂ ಆ ದಿಕ್ಕಿಗೆ ತಲೆ ಹಾಕಿಯೂ ಮಲಗಿರಲಿಲ್ಲ. ಇದ್ದದ್ದು ಒಂದು ಬಾವಿ, ಒಂದು ಹೆಬ್ಬಾಗಿಲು, ಎರಡು ದಾರಿಗಳು ಕೂಡುವ ಒಂದು ಬಯಲು.

ಆದರೂ ಎಂಥ ಸಿರಿ ಅಂತೀರಿ! ಅಲ್ಲಿನ ಕತ್ತೆಗಳು ಬೆಳ್ಳಿ ಗೆಜ್ಜೆ ಕಟ್ಟಿಕೊಳ್ಳದೆ ಒದೆಯುತ್ತಿರಲಿಲ್ಲ. ಬೆಕ್ಕುಗಳು ಹಾಲು ಕುಡಿದು ಕುಡಿದು ಬೇಸತ್ತು, ಅದು ಮೊಸರಾಗಲಿ ಅಂತ ಕಾಯುತ್ತಿದ್ದವು. ಇದನ್ನು ನಾನು ಸಾಕಷ್ಟು ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ.

ಹೆಬ್ಬಾಗಿಲಿನ ನೆರಳಲ್ಲಿ ಒಂದು ಕಲ್ಲಿನ ಪೀಠ. ಅದರ ಮೇಲೆ ಗುರು ಬರ್ಜಿಲ್ಲೈ ಕೂರುತ್ತಿದ್ದರು. ಸಂತೆಯಲ್ಲಿ ತಕರಾರು ಬಂದರೆ ತೀರ್ಪು ಅವರದು.

ಅವರಿಗೆ ಒಬ್ಬನೇ ಶಿಷ್ಯ, ಯೋತಾಮ. ಮುಂದೆ ಆ ಪೀಠದಲ್ಲಿ ಕೂರಬೇಕೆಂದು ಆಸೆಪಟ್ಟವನು. ಹುಟ್ಟಿದಾರಭ್ಯ ಒಂದು ಸುಳ್ಳು ಹೇಳಿದವನಲ್ಲ. ನಕ್ಕವನೂ ಅಲ್ಲ.

ಒಂದು ದಿನ ಯೋತಾಮ ಕೇಳಿದ. "ಗುರುಗಳೇ, ನಮ್ಮೂರಲ್ಲಿ ಏನೂ ಹುಟ್ಟುವುದಿಲ್ಲ. ಇಷ್ಟು ಸಿರಿ ಎಲ್ಲಿಂದ ಬಂತು?"

"ಸಂತೆಯಲ್ಲಿ ಕೂತು ಬಾ," ಎಂದರು ಗುರು.

ಯೋತಾಮ ಹೋಗಿ ಕೂತ.

ದಕ್ಷಿಣದ ನಾಡಿನಿಂದ ಅಲ್ಮೋದಾದ ಒಂಟೆಗಳ ಮೇಲೆ ಧೂಪ ಹೇರಿಕೊಂಡು ಬಂದಿದ್ದ. ಉತ್ತರದಿಂದ, ಕಡಲಂಚಿನ ತೂರ್ ಪಟ್ಟಣದಿಂದ, ಮತ್ತಾನ ನೇರಳೆ ಬಟ್ಟೆ ತಂದಿದ್ದ. ಅವನಿಗೆ ಧೂಪ ಬೇಕು, ಇವನಿಗೆ ಬಟ್ಟೆ ಬೇಕು.

"ಇದು ಬಟ್ಟೆಯೋ, ಒಂಟೆಯ ಮೂಗು ಒರೆಸಿದ ಚಿಂದಿಯೋ?" ಎಂದ ಅಲ್ಮೋದಾದ.

"ನಿನ್ನ ಧೂಪಕ್ಕೆ ಸೊಳ್ಳೆಯೂ ಕೆಮ್ಮುವುದಿಲ್ಲ," ಎಂದ ಮತ್ತಾನ.

"ನಿನ್ನ ಮಕ್ಕಳ ಮುಖ ನೋಡಿ ಸುಮ್ಮನಿದ್ದೇನೆ!"

"ಮಕ್ಕಳು ಅಂದೆಯಲ್ಲ, ನಿನ್ನ ದೊಡ್ಡವಳಿಗೆ ಗಂಡು ಸಿಕ್ಕಿತೇ?"

"ಸಿಕ್ಕಿತು ಮಾರಾಯ, ಒಳ್ಳೆಯ ಮನೆತನ. ಹಾಂ, ಕಣಿವೆಯ ಎರಡನೇ ಬಾವಿ ಬತ್ತಿದೆ, ನೀರು ಹೆಚ್ಚಿಗೆ ತುಂಬಿಸಿಕೊಂಡು ಹೋಗು. ಈಗ ಹೇಳು, ಈ ಚಿಂದಿಗೆ ಏನು ಕೇಳಿದೆ?"

ಹೀಗೆ ಆರು ದಿನ. ಹಗಲೆಲ್ಲ ಬೈದಾಟ, ಊಟದ ಹೊತ್ತಿಗೆ ಒಂದೇ ತಟ್ಟೆ. ಏಳನೇ ದಿನ ಒಂದು ಕಟ್ಟು ಬಟ್ಟೆಗೆ ಎರಡು ಮೂಟೆ ಧೂಪ ಎಂದು ಕೈಗೆ ಕೈ ಹೊಡೆದರು. ತಾನು ಮುಳುಗಿಹೋದೆ ಎಂದು ಇಬ್ಬರೂ ಎದೆ ಬಡಿದುಕೊಂಡರು. ಹೆಬ್ಬಾಗಿಲು ದಾಟಿದ ಮೇಲೆ, ಅವನಿಗೆ ಟೋಪಿ ಹಾಕಿದೆ ಎಂದು ಇಬ್ಬರೂ ಹಾಡುತ್ತಾ ಹೋದರು.

ಯೋತಾಮ ಮುಖ ಗಂಟಿಕ್ಕಿಕೊಂಡು ಮರಳಿದ.

"ಗುರುಗಳೇ, ಸಿರಿ ಎಲ್ಲಿಂದ ಬಂತೋ ಗೊತ್ತಾಗಲಿಲ್ಲ. ಎಲ್ಲಿ ಪೋಲಾಗುತ್ತಿದೆ ಅಂತ ಗೊತ್ತಾಯಿತು. ಪ್ರತಿ ವರ್ಷವೂ ಒಂದು ಕಟ್ಟಿಗೆ ಎರಡು ಮೂಟೆಯೇ. ಇಬ್ಬರಿಗೂ ಅದು ಮೊದಲ ದಿನವೇ ಗೊತ್ತು. ಆರು ದಿನ ಬರೀ ಸುಳ್ಳು!"

"ನೀನಾಗಿದ್ದರೆ?"

"ಬೆಲೆಗಳನ್ನು ಗೋಡೆಯ ಮೇಲೆ ಬರೆಸುತ್ತಿದ್ದೆ. ಚೌಕಾಸಿ ಮಾಡಕೂಡದು ಅಂತ ಡಂಗುರ ಸಾರಿಸುತ್ತಿದ್ದೆ."

ಗುರು ಎದ್ದರು. ಪೀಠದ ಧೂಳು ಒರೆಸಿದರು. ಕೈಯಲ್ಲಿದ್ದ ಕೋಲನ್ನು ಶಿಷ್ಯನಿಗೆ ಕೊಟ್ಟರು.

"ಮುಂದಿನ ಅಂಜೂರ ಹಣ್ಣಾಗುವವರೆಗೆ ನೀನು ಕೂರು. ಊರು ಚೆನ್ನಾಗಿದ್ದರೆ ಪೀಠ ನಿನ್ನದು. ಕೆಟ್ಟರೆ ಅದರ ಆಸೆ ಬಿಡು. ನಾನು ಬಾವಿಕಟ್ಟೆಯ ಮರದಡಿ ಮಲಗಿರುತ್ತೇನೆ."

ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳು ಬಂದವು.

ಬೆಳಿಗ್ಗೆ ಬಂದ ವರ್ತಕರು ಗೋಡೆ ಓದಿದರು, ಸರಕು ಬದಲಿಸಿಕೊಂಡರು, ಮಧ್ಯಾಹ್ನ ಹೊರಟರು. ಬಂದಾಗ ಎದ್ದ ಧೂಳು ನೆಲಕ್ಕಿಳಿಯುವ ಮೊದಲೇ ಹೋಗುವಾಗಿನ ಧೂಳು ಎದ್ದು, ಎರಡೂ ಆಕಾಶದಲ್ಲೇ ಪರಿಚಯ ಮಾಡಿಕೊಂಡವಂತೆ!

ಒಂದು ಜಗಳವಿಲ್ಲ. ಒಂದು ತಕರಾರಿಲ್ಲ. ಯೋತಾಮ ಎದೆಯುಬ್ಬಿಸಿ ಕೂತ.

ಕೆಲವು ತಿಂಗಳು ಕಳೆದವು. ರೊಟ್ಟಿ ಸುಡುವ ಹೊಗ್ಲಾ ಬಂದು ಪೀಠದ ಮುಂದೆ ಬುಟ್ಟಿ ಕುಕ್ಕಿದಳು. ಅವಳ ಬಾಯಿಗೆ ಹೆದರಿ ಊರ ನಾಯಿಗಳು ಬಾಲ ಮಡಚಿ ಓಡಾಡುತ್ತಿದ್ದವು.

"ತಗೊಳ್ಳಿ ಧರ್ಮಪ್ರಭುಗಳೇ, ನೆನ್ನೆಯ ರೊಟ್ಟಿ. ಮೊನ್ನೆಯದೂ ಇದೆ. ಗೋಡೆ ಕಟ್ಟೋಕೆ ಇಟ್ಟಿಗೆ ಬೇಕಾದರೆ ಹೋದ ವಾರದ್ದು ಕೊಡ್ತೀನಿ."

"ಯಾಕಮ್ಮಾ, ಏನಾಯಿತು?"

"ಆರು ಒಲೆ ಉರೀತಿತ್ತು ನಂದು. ಈಗ ಒಂದು. ಅದರಲ್ಲೂ ಬೆಕ್ಕು ಮಲಗಿದೆ. ತಿನ್ನೋರು ಯಾರಪ್ಪಾ? ನಿನ್ನ ಗೋಡೆ ತಿನ್ನತ್ತಾ?"

ಅವಳ ಹಿಂದೆ ಚಪ್ಪಲಿ ಹೊಲಿಯುವವನಿದ್ದ, ಕುಂಬಾರನಿದ್ದ, ಛತ್ರದವನಿದ್ದ. ಯಾರ ಕೈಗೂ ಕೆಲಸವಿರಲಿಲ್ಲ.

ಯೋತಾಮ ಮೊದಲ ಸಲ ಪೀಠದ ತುದಿಗೆ ಜರುಗಿ ಕೂತ.

ಅಂಜೂರ ಕೆಂಪಾಗತೊಡಗಿದಾಗ ಮತ್ತಾನ ಬಂದು ಛತ್ರದಲ್ಲಿ ಇಳಿದ. ಹಿಂದೆಯೇ ಅಲ್ಮೋದಾದನೂ ಮತ್ತೆ ಬಂದ. ಗೋಡೆ ನೋಡಿದ. ಎರಡು ಮೂಟೆ ಇಳಿಸಿದ, ಒಂದು ಕಟ್ಟು ಏರಿಸಿದ. ಹೀಗೇ ಸರಕು ಬದಲಾಯಿತು. ಒಂದೇ ಒಂಟೆಯ ಧೂಪ ಉಳಿಯಿತು. ಅದನ್ನು ಒಂಟೆಯಿಂದ ಇಳಿಸದೆಯೇ ಹೊರಟು ನಿಂತ.

"ಯಜಮಾನರೇ, ಬರುವ ವರ್ಷ...?" ಎಂದ ಯೋತಾಮ.

"ಬರೋದಿಲ್ಲ ತಮ್ಮಾ. ಬೆಲೆ ಗೊತ್ತಾಯಿತಲ್ಲ. ಕಣಿವೆಯ ಅಡ್ಡದಾರಿಯಲ್ಲೇ ಮತ್ತಾನನ ಕಡೆಗೆ ಮೂಟೆ ಎಸೆದು ಹೋಗುತ್ತೇನೆ. ನಾಲ್ಕು ದಿನ ಉಳಿಯುತ್ತದೆ. ನಿನ್ನ ಗೋಡೆ ಒಳ್ಳೆಯದೇ, ಸುಳ್ಳು ಹೇಳುವುದಿಲ್ಲ. ಆದರೆ ಮಗಳ ಬಾಣಂತನ ಹೇಗಾಯಿತು ಅಂತಲೂ ಕೇಳುವುದಿಲ್ಲ."

ಯೋತಾಮ ಬಾವಿಕಟ್ಟೆಗೆ ಓಡಿದ.

"ಗುರುಗಳೇ! ಅಲ್ಮೋದಾದ ಬಿಟ್ಟರೆ ಉಳಿದವರೂ ಬಿಡುತ್ತಾರೆ. ಪೀಠ ಹೋಗಲಿ, ಊರೇ ಹೋಗುತ್ತದೆ. ಏನು ಮಾಡಲಿ?"

ಗುರು ಕಣ್ಣು ತೆರೆಯಲಿಲ್ಲ. "ಹೋಗಿ ಅವನ ಧೂಪವನ್ನು ಬೈಯಿ."

"ಅದು ಒಳ್ಳೆಯ ಧೂಪ, ಗುರುಗಳೇ."

"ಅದು ಅವನಿಗೂ ಗೊತ್ತು."

"ಸುಳ್ಳು ಹೇಳಿದ ಹಾಗಾಗುವುದಿಲ್ಲವೇ?"

"ನಿಜ ಇಬ್ಬರಿಗೂ ಗೊತ್ತಿದೆ. ಸುಳ್ಳು ಯಾರಿಗೆ ಹೇಳಿದೆ?"

ಯೋತಾಮ ಮರಳಿ ಓಡಿ ಮೊದಲ ಒಂಟೆಗೆ ಅಡ್ಡ ನಿಂತ.

"ನಿಮ್ಮ ಧೂಪ... ಅಂದರೆ... ಇನ್ನೂ ಸ್ವಲ್ಪ ಚೆನ್ನಾಗಿರಬಹುದಿತ್ತೇನೋ."

ಸಂತೆಯವರೆಲ್ಲ ತಿರುಗಿ ನೋಡಿದರು.

"ಇದು ಬೈಗುಳವೇ?" ಎಂದ ಅಲ್ಮೋದಾದ. "ನಮ್ಮಜ್ಜಿ ಆಶೀರ್ವಾದ ಮಾಡುವಾಗಲೇ ಇದಕ್ಕಿಂತ ಖಾರವಾಗಿ ಮಾತಾಡುತ್ತಿದ್ದಳು! ಇನ್ನೊಂದು ಸಲ ಹೇಳು."

"ಧೂಪಕ್ಕೆ... ವಾಸನೆ ಕಡಿಮೆ."

"ಎಷ್ಟು ಕಡಿಮೆ?"

ಯೋತಾಮ ಗೋಡೆಯ ಕಡೆ ನೋಡಿದ. ಅದರ ಮೇಲೆ ಅದನ್ನು ಬರೆಸಿರಲಿಲ್ಲ. ಹೊಗ್ಲಾಳ ಕಡೆ ನೋಡಿದ.

"ಒಂಟೆ, ಒಂಟೆ ಅನ್ನೋ!" ಎಂದು ಅವಳು ಪಿಸುಗುಟ್ಟಿದಳು. ಅವಳ ಪಿಸುಮಾತು ಮೂರು ಬೀದಿಗೆ ಕೇಳಿತು.

ಯೋತಾಮ ಕಣ್ಣು ಮುಚ್ಚಿ ಕಿರುಚಿದ. "ನಿಮ್ಮ ಧೂಪ ಹಚ್ಚಿದ ಮನೆಯವರು ಒಳ್ಳೆಯ ಗಾಳಿ ಬೇಕು ಅಂತ ಒಂಟೆಯ ಬಾಯಿ ತೆರೆಸಿ ಅದರ ಮುಂದೆ ಕೂರುತ್ತಾರಂತೆ!"

ಅಲ್ಮೋದಾದನ ಕಣ್ಣಲ್ಲಿ ನೀರು ತುಂಬಿತು.

"ಇಳಿಸ್ರೋ ಮೂಟೆ!" ಎಂದು ಅವನು ಗರ್ಜಿಸಿದ. "ಏನಂದೆ? ಯಾರ ಧೂಪಕ್ಕೆ ಏನಂದೆ? ಈ ಮಾತು ಇತ್ಯರ್ಥವಾಗದೆ ನಾನು ಈ ಊರು ಬಿಡುವವನಲ್ಲ! ಏ ಅವ್ವಾ, ರೊಟ್ಟಿ ತಾ!"

ಜನ ಹೊಟ್ಟೆ ಹಿಡಿದು ನಕ್ಕರು. ಆ ನಗುವಿನ ಗಾಳಿಗೆ ತೂರ್ ಪಟ್ಟಣದ ಹಡಗುಗಳ ಹಾಯಿ ಉಬ್ಬಿ, ಎರಡು ಹಡಗು ಸರಕು ತುಂಬುವ ಮೊದಲೇ ಹೊರಟುಬಿಟ್ಟವು. ಯೋತಾಮನೂ ನಕ್ಕ. ಅಭ್ಯಾಸವಿಲ್ಲದ್ದರಿಂದ ಬಿಕ್ಕಳಿಕೆ ಬಂತು.

ಹೊಗ್ಲಾ ಬೆಕ್ಕನ್ನು ಎಬ್ಬಿಸಿ ಆರೂ ಒಲೆ ಹಚ್ಚಿದಳು. ಕುಂಬಾರ ಗೋಡೆಯ ಅಕ್ಷರಗಳ ಮೇಲೆ ಸುಣ್ಣ ಬಳಿದ. ಛತ್ರದಲ್ಲಿ ಮಲಗಿದ್ದ ಮತ್ತಾನ ತನ್ನನ್ನು ಬಿಟ್ಟು ಜಗಳ ಶುರುಮಾಡಿದರೆಂದು ಸಿಟ್ಟಾಗಿ ಓಡಿಬಂದ.

ಆ ಒಂದು ಒಂಟೆಯ ಧೂಪಕ್ಕೆ ಚೌಕಾಸಿ ಒಂಬತ್ತು ದಿನ ನಡೆಯಿತು. ಹತ್ತನೇ ದಿನ ಹೊರಡುವಾಗ ಅಲ್ಮೋದಾದ ಯೋತಾಮನ ಬೆನ್ನು ಗುದ್ದಿದ.

"ಬರುವ ವರ್ಷ ಬರುತ್ತೇನೆ. ಆ ಒಂಟೆಯ ಮಾತಿಗೆ ಉತ್ತರ ಇಟ್ಟುಕೊಂಡಿದ್ದೇನೆ, ಎಚ್ಚರ!"

ಸಂಜೆ ಯೋತಾಮ ಬಿಸಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಗುರುಗಳ ಹತ್ತಿರ ಹೋದ. ಕೋಲನ್ನು ಅವರ ಪಾದದ ಬಳಿ ಇಟ್ಟ.

ಗುರು ಕೋಲು ಮುಟ್ಟಲಿಲ್ಲ. ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡರು.

"ಚೆನ್ನಾಗಿದೆ. ಹೊಗ್ಲಾ ಎಷ್ಟು ಕೇಳಿದಳು?"

"ನಾಲ್ಕು ರೊಟ್ಟಿಗೆ ಎರಡು ಹಿಡಿ ಉಪ್ಪು, ಗುರುಗಳೇ."

"ನೀನೆಷ್ಟು ಕೊಟ್ಟೆ?"

"ಎರಡು ಹಿಡಿ."

ಗುರು ಅಗಿಯುವುದನ್ನು ನಿಲ್ಲಿಸಿದರು.

"ಕೇಳಿದಷ್ಟನ್ನೂ ಕೊಟ್ಟು ಬಂದೆಯಾ? ಪಾಪ, ಆ ಹೆಂಗಸು ನಿನಗೇನು ಅನ್ಯಾಯ ಮಾಡಿದ್ದಳು?"