ಮಧ್ಯಾಹ್ನ ಹೊಡೆಯುವ ಬಿಲ್ಲು

ಒಂದಾನೊಂದು ಊರಿನಲ್ಲಿ, ನೀವು ಹೋಗಿಲ್ಲ, ನಾನೂ ಹೋಗಿಲ್ಲ, ಬೊಪ್ಪರಾಯ ಅಂತ ಒಬ್ಬ ದೊರೆ. ಬೆಳಗ್ಗೆ ಅವನ ನೆರಳು ಕೋಟೆ ದಾಟಿ ಬೀಳುತ್ತಿತ್ತು. ನೋಡಿ ಹಿಗ್ಗುತ್ತಿದ್ದ. ಮಧ್ಯಾಹ್ನ ಅದೇ ನೆರಳು ಗೇಣುದ್ದಕ್ಕೆ ಇಳಿದರೆ ಹೊಟ್ಟೆ ಉರಿದುಕೊಳ್ಳುತ್ತಿದ್ದ. ದೊರೆಯ ನೆರಳನ್ನು ದೊರೆಯೊಬ್ಬನೇ ನೋಡಬೇಕು, ಬೇರೆಯವರು ನೋಡಿದರೆ ಕಣ್ಣು ಕೀಳಿಸುತ್ತೇನೆ ಎಂದು ಡಂಗುರ ಬೇರೆ ಸಾರಿಸಿದ್ದ.

ಒಂದು ಬೆಳಗ್ಗೆ ಅವನು ಬಿಲ್ಲು ಮಾಡುವ ಕಾಳೋಜನ ಮನೆಗೇ ಬಂದ.

"ಹಾವಿನ ಚರ್ಮ ಹೊದಿಸಿದ ಬಿಲ್ಲು ಮಾಡ್ಲಾ. ಮಧ್ಯಾಹ್ನ ಊರೊಳಕ್ಕೆ ಬರೋ ಮುಂಚೆ ಅದನ್ನ ಹೊಡೆದು ಉರುಳಿಸಬೇಕು. ಬಂದುಬಿಡ್ತೋ, ನನ್ನ ನೆರಳು ಎಷ್ಟು ಗಿಡ್ಡವೋ ನಿನ್ನನ್ನೂ ಅಷ್ಟಕ್ಕೇ ಕುಯ್ಯಿಸ್ತೀನಿ. ನಿನ್ನ ಗರಗಸದಲ್ಲೇ."

ಕಾಳೋಜ ತಡಸಲು ಮರದ ಕೋಲನ್ನು ಕೆತ್ತಿ ಬಾಗಿಸಿದ. ಹುತ್ತಕ್ಕೆ ಓಡಿದ.

"ಹಾವಣ್ಣ, ನಿನ್ನ ಚರ್ಮ ಕೊಡಪ್ಪ."

"ನಿನ್ನ ರುಮಾಲು ಕೊಡು. ನಂಗೆ ಚಳಿ ಆಯ್ತದೆ," ಎಂದಿತು ಹಾವು. ಚರ್ಮ ಕಳಚಿಕೊಟ್ಟು, ರುಮಾಲು ಸುತ್ತಿಕೊಂಡು ಅವನ ಹಿಂದೆಯೇ ಬಂದು ಹೊಸ್ತಿಲಲ್ಲಿ ಕೂತಿತು.

ಕಾಳೋಜ ಬಿಲ್ಲಿನ ಬೆನ್ನಿಗೆ ಅಂಟು ಬಳಿದ, ಚರ್ಮ ಹೊದಿಸಿದ, ದಾರ ಸುತ್ತಿದ. ಆಮೇಲೆ ನೆನಪಾಯಿತು, ಆ ಅಂಟು ಒಣಗುವುದು ಮಧ್ಯಾಹ್ನದ ಬಿಸಿಲಿಗೆ ಮಾತ್ರ!

ಬಿಲ್ಲು ಮಾಡುವವರ ಮನೆಯಲ್ಲಿ ಒಂದು ಕಟ್ಟಳೆ. ಅಂಟು ಹಸಿಯಿರುವಾಗ ಯಾರೂ 'ಆಯ್ತು' ಅನ್ನಬಾರದು. ಅಂದರೆ ಚರ್ಮ ಎದ್ದು ಹೋಗುತ್ತದೆ. ಏನು ಕೇಳಿದರೂ 'ಆಗ್ತಾ ಐತೆ' ಅನ್ನಬೇಕು.

ಅಂಗಳದಲ್ಲೇ ಕಾದು ನಿಂತಿದ್ದ ದೊರೆಯ ನೆರಳು ಕೋಟೆ ಬಿಟ್ಟು ಬಾವಿಗೆ ಬಂತು.

"ಆಯ್ತೇನ್ಲಾ?"

"ಆಗ್ತಾ ಐತೆ, ಬುದ್ಧಿ."

ಬಾವಿ ಬಿಟ್ಟು ಅಂಗಳಕ್ಕೆ ಬಂತು. ಭಟರು ಗರಗಸ ಮಸೆದರು.

"ಆಯ್ತೇನ್ಲಾ?"

"ಆಗ್ತಾ ಐತೆ, ಬುದ್ಧಿ."

ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಮಧ್ಯಾಹ್ನ! ಮರ್ಯಾದಸ್ಥ ಮಧ್ಯಾಹ್ನ, ಕೇಳದೆ ಒಳಗೆ ಬರುವುದಲ್ಲ.

"ಬೆಳಗಿನ ಸರದಿ ಆಯ್ತಾ? ಬರ್ಲಾ?"

ಕಾಳೋಜನ ನಾಲಿಗೆ ಕಟ್ಟಳೆ ಮರೆಯಲಿಲ್ಲ. "ಆಗ್ತಾ ಐತೆ."

"ಹಂಗಾದ್ರೆ ಕಾಯ್ತೀನಿ," ಎಂದು ಮಧ್ಯಾಹ್ನ ಜಗಲಿಯ ಮೇಲೆ ಕೂತಿತು.

ಮಧ್ಯಾಹ್ನ ಬರದೆ ಅಂಟು ಒಣಗದು. ಅಂಟು ಒಣಗದೆ 'ಆಯ್ತು' ಅನ್ನುವಂತಿಲ್ಲ. 'ಆಯ್ತು' ಅನ್ನದೆ ಮಧ್ಯಾಹ್ನ ಬರದು. ಹೀಗೇ ನೂರು ವರ್ಷ ಬದುಕಿಬಿಡಬಹುದು ಅಂತ ಕಾಳೋಜನಿಗೆ ಆಸೆ ಹುಟ್ಟಿತು.

ಆದರೆ ದೊರೆಗೆ ಹಸಿವಾಯಿತು. ಅಡುಗೆಯವರು ಕೈಮುಗಿದರು. "ಮಧ್ಯಾಹ್ನದ ಊಟ, ಬುದ್ಧಿ. ಮಧ್ಯಾಹ್ನ ಬರದೆ ಹೆಂಗೆ ಬಡಿಸೋದು?"

ದೊರೆ ತಡೆದ. ತಡೆದ. ಹೊಟ್ಟೆ ಬೆನ್ನಿಗೆ ಹತ್ತಿತು. ಕೊನೆಗೆ ಕಿರುಚಿದ, "ಬೆಳಗಿನ ಸರದಿ ಆಯ್ತು! ಬಂದು ಸಾಯಿ!"

ಆಯ್ತು ಅಂದನಲ್ಲ, ಚರ್ಮ ಪಟಾರನೆ ಎದ್ದು ಹಾವಿನ ಮೈಗೇ ಹೋಗಿ ಕೂತಿತು. ಹಾವು ರುಮಾಲು ಎಸೆದು ಹೊರಟುಹೋಯಿತು. ಮಧ್ಯಾಹ್ನ ಒಳಗೆ ಬಂತು. ಬಿಲ್ಲು ಬರೀ ಕೋಲು.

ದೊರೆ ಅರವತ್ತು ಮುದ್ದೆ ನುಂಗಿ ಎದ್ದ. "ಹಾಕ್ರೋ ಗರಗಸ!"

ಗರಗಸದ ಹಲ್ಲು ಹಣೆಗೆ ತಾಗಿತು. ಕಾಳೋಜನಿಗೆ ಅಳು ಬಂತು. ಆದರೂ ಕಸುಬಿನವನ ಬಾಯಲ್ಲಿ ಕಸುಬಿನ ಮಾತೇ ಬಂತು.

"ಬುದ್ಧಿ, ಅಳತೆ? ಅಳತೆ ಇಲ್ದೆ ಕುಯ್ದ್ರೆ ಕೆಲಸ ಕೆಡ್ತದೆ."

ದೊರೆ ನೆರಳು ನೋಡಲು ಬಗ್ಗಿದ. ಹೊಟ್ಟೆ ಅಡ್ಡ ಬಂತು. ಆ ಕಡೆ ಬಗ್ಗಿದ, ಹೊಟ್ಟೆ. ಈ ಕಡೆ ಬಗ್ಗಿದ, ಹೊಟ್ಟೆ. ಬೇರೆ ಯಾರು ನೋಡಿಯಾರು? ಕಣ್ಣು ಎಲ್ಲರಿಗೂ ಬೇಕಲ್ಲ. ಭಟರೆಲ್ಲ ಆಕಾಶ ನೋಡುತ್ತ ನಿಂತರು.

ಕಾಳೋಜ ರುಮಾಲು ಕೊಡವಿ ತಲೆಗೆ ಸುತ್ತಿದ, ಗರಗಸವನ್ನು ಮೊಳೆಗೆ ತೂಗುಹಾಕಿ ಉಣ್ಣಲು ಕೂತ.

ಆದ್ದರಿಂದ ಮಕ್ಕಳೇ, ಯಾರನ್ನಾದರೂ ಕುಯ್ಯಬೇಕಿದ್ದರೆ ಊಟಕ್ಕೆ ಮುಂಚೆಯೇ ಅಳತೆ ತೆಗೆದುಕೊಳ್ಳಿ. ದೊರೆ ಇನ್ನೂ ಬಗ್ಗುತ್ತಲೇ ಇದ್ದಾನೆ.

ಏನು ಕೇಳಿದಿರಿ, ಕತೆ ಆಯ್ತಾ?

ಆಗ್ತಾ ಐತೆ.